ಅತ್ತಿಯ ಬೇರು ಮತ್ತು ಒಂದು ಸೀಸೆ ಪ್ರೋಟೀನ್

ಆ ಸೀಸೆ ನನ್ನ ಕಿರುಬೆರಳಿನ ಅರ್ಧದಷ್ಟಿತ್ತು. ಬೆಳಕಿಗೆ ಹಿಡಿದು ನೋಡಿದರೂ ತಳದಲ್ಲಿ ಒಂದಿಷ್ಟು ಬಿಳಿ ಪುಡಿ ಅಂಟಿದ ಗುರುತು, ಅಷ್ಟೇ. ಅದಕ್ಕಾಗಿ ನಾನು ನಾಲ್ಕು ತಿಂಗಳು ಕಾದಿದ್ದೆ. ಗದಗಿನ ನಮ್ಮ ಕಾಲೇಜಿಗೆ ಅದು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬಂದ ದಿನ, ಮೇಲಿನ ಚೀಟಿ ಓದಿದ ಜವಾನ ಪೆಟ್ಟಿಗೆಯನ್ನು ಕೈಯಿಂದ ಮುಟ್ಟಲೇ ಇಲ್ಲ. ಮನುಷ್ಯನ ಲಿವರ್ ಎಂದು ಬರೆದಿದೆ, ಸತ್ತವರು ಯಾರು ಎಂದು ಎಲ್ಲರನ್ನೂ ಕೇಳಿ, ಅದನ್ನು ಕಾಲಿನಿಂದ ಹೊಸಿಲಾಚೆ ನೂಕಿ ಬಿಸಿಲಿಗೆ ಬಿಟ್ಟಿದ್ದ. ನಾನು ಓಡಿಹೋಗಿ ಎತ್ತಿಕೊಂಡೆ. ಒಳಗಿನ ಐಸ್ ಇನ್ನೂ ಗಟ್ಟಿಯಾಗಿತ್ತು, ಇಲ್ಲದಿದ್ದರೆ ಅವತ್ತು ಅವನ ಜನ್ಮ ಜಾಲಾಡಿಬಿಡುತ್ತಿದ್ದೆ.

ಅದು ಯಾರ ಹೊಟ್ಟೆಯಿಂದಲೂ ತೆಗೆದದ್ದಲ್ಲ. ನಮ್ಮ ಲಿವರಿನ ಜೀವಕೋಶಗಳ ಮೈಮೇಲೆ ಒಂದು ಬಗೆಯ ಪ್ರೋಟೀನ್ ಇರುತ್ತದೆ. ರಕ್ತದಲ್ಲಿ ಹರಿದು ಬರುವ ಕೆಲವು ವಸ್ತುಗಳನ್ನು ಹಿಡಿದು ಒಳಕ್ಕೆ ಎಳೆದುಕೊಳ್ಳುವುದು ಅದರ ಕೆಲಸ. ಗ್ರಾಹಕ ಪ್ರೋಟೀನ್ ಅನ್ನುತ್ತಾರೆ. ಅದಕ್ಕೆ ಬೇಕಾದ ಮನುಷ್ಯರ ಜೀನನ್ನು ಬೇರೆ ಕೋಶಗಳೊಳಗೆ ಸೇರಿಸಿ, ಅವುಗಳಿಂದ ಈ ಪ್ರೋಟೀನ್ ಮಾಡಿಸಿ, ಶುದ್ಧಗೊಳಿಸಿ, ಒಣಗಿಸಿ ಕಳಿಸುತ್ತಾರೆ. ಪ್ರಯೋಗಕ್ಕೆ ಮಾತ್ರ, ಔಷಧಿಗಲ್ಲ. ಒಮ್ಮೆ ಕರಗಿಸಿದ ಮೇಲೆ ಮತ್ತೆ ಮತ್ತೆ ಹೆಪ್ಪುಗಟ್ಟಿಸಿದರೆ ಕೆಟ್ಟುಹೋಗುತ್ತದೆ. ಕಪ್ಪತಗುಡ್ಡದ ಐದು ಗಿಡಗಳ ರಸ ಅದಕ್ಕೆ ಅಂಟುತ್ತದೆಯೇ ಎಂದು ನೋಡುವುದು ನನ್ನ ಸಂಶೋಧನೆ. ಇದೆಲ್ಲ ಕಾಗದದ ಮೇಲಿನ ಮಾತು. ಖರೆ ವಿಷಯ ನನ್ನ ಅವ್ವ.

ಕೆಲವು ವರ್ಷಗಳ ಹಿಂದೆ ಅವ್ವನ ಕಣ್ಣು ಹಳದಿಯಾದಾಗ ಅಪ್ಪ ಅವಳನ್ನು ದವಾಖಾನೆಗೆ ಕರೆದೊಯ್ಯಲಿಲ್ಲ. ಬೆಳ್ಳಟ್ಟಿಗೆ, ತನ್ನ ಅಕ್ಕನ ಮನೆಗೆ ಕರೆದೊಯ್ದ. ನಮಗೆಲ್ಲ ಅತ್ತಿಯಾದ ಅವಳು, ತನ್ನ ಗಂಡನ ತಾಯಿಯಿಂದ ಕಲಿತು, ಕಾಮಣಿಗೆ ಔಷಧ ಕೊಡುವವಳು. ರವಿವಾರ ಬೆಳಿಗ್ಗೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಜನ ಬರಿಹೊಟ್ಟೆಯಲ್ಲಿ ಬಂದು ಅವಳ ಮನೆಯ ಕಟ್ಟೆಯ ಮೇಲೆ ಕೂಡುತ್ತಾರೆ. ಗುಡ್ಡದಿಂದ ತರಿಸಿದ ಯಾವುದೋ ಬೇರನ್ನು ಅವಳು ಒಳಗೆ ಅರೆದು, ಮಜ್ಜಿಗೆಯಲ್ಲಿ ಕದಡಿ ಕೊಡುತ್ತಾಳೆ. ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಹೆಸರು ಬಾಯಿಬಿಟ್ಟರೆ ಬೇರಿನ ಗುಣ ಹೋಗುತ್ತದೆಂದು ಸೊಸೆಗೂ ಹೇಳಿಲ್ಲ.

ಅವ್ವ ಮೂರು ರವಿವಾರ ಕುಡಿದಳು. ಉಪ್ಪು ಬಿಟ್ಟಳು, ಎಣ್ಣೆ ಬಿಟ್ಟಳು, ಬರೀ ಮಜ್ಜಿಗೆ ಅನ್ನ ಉಂಡು ಸೊರಗಿದಳು. ನಾಲ್ಕನೆಯ ವಾರ ಹುಬ್ಬಳ್ಳಿಗೆ ಹೊತ್ತುಕೊಂಡು ಹೋದಾಗ ಡಾಕ್ಟರು ಮೊದಲು ಕೇಳಿದ್ದು ಇಷ್ಟು ದಿನ ಎಲ್ಲಿದ್ದಿರಿ ಎಂದು. ಒಂಬತ್ತನೆಯ ದಿನ ಅವ್ವ ಹೋದಳು. ಮಣ್ಣಿಗೆ ಬಂದವರೆಲ್ಲ ಒಂದೇ ಮಾತು ಹೇಳಿದರು, ಅತ್ತಿಯ ಕೈಯಿಂದ ಎಷ್ಟೋ ಮಂದಿಗೆ ಗುಣವಾಗಿದೆ, ಇವಳ ಹಣೆಬರಹ. ಹಣೆಬರಹವಂತೆ! ಬಹಳಷ್ಟು ಕಾಮಣಿ ತಾನಾಗಿಯೇ ಇಳಿಯುತ್ತದೆ. ಇಳಿದರೆ ಅತ್ತಿಯ ಕೈಗುಣ, ಇಳಿಯದಿದ್ದರೆ ರೋಗಿಯ ಹಣೆಬರಹ. ಆ ಮೂರು ವಾರ ನನ್ನ ಅವ್ವನ ಹೊಟ್ಟೆಗೆ ಹೋದದ್ದು ಔಷಧವೋ, ಬರೀ ಕಸವೋ? ನನಗೆ ಅದೊಂದು ಗೊತ್ತಾಗಬೇಕಿತ್ತು.

ಬೇರು ಕೇಳಲು ಬೆಳ್ಳಟ್ಟಿಗೆ ಹೋದೆ. ಹೆಸರು ಹೇಳಬೇಡ, ಬೇರಷ್ಟು ಕೊಡು, ಲ್ಯಾಬಿನಲ್ಲಿ ಇಟ್ಟು ನೋಡುತ್ತೇನೆ ಎಂದೆ. ಅತ್ತಿ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಹಿತ್ತಲಿಗೆ ಹೋಗಿ, ಅಂಗೈಯಗಲದ ಅರಿವೆಯಲ್ಲಿ ಕಟ್ಟಿ ತಂದುಕೊಟ್ಟಳು. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿಯನ್ನೂ ಕಟ್ಟಿದಳು. ಬೆಟಗೇರಿಯ ನಮ್ಮ ಮನೆ ಮುಟ್ಟುವವರೆಗೆ ಆ ಗಂಟನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಎಷ್ಟಾದರೂ ಮನೆಮಗಳು, ನನಗೆ ಹೇಗೆ ಇಲ್ಲ ಅಂದಾಳು ಎಂದು ಬೀಗಿದ್ದೇ ಬೀಗಿದ್ದು.

ನಮ್ಮ ಗೈಡ್ ಸರ್ ಒಪ್ಪಲಿಲ್ಲ. ಗಿಡದ ಗುರುತೇ ಇಲ್ಲದ ಬೇರು ಯಾವ ಪ್ರಬಂಧಕ್ಕೂ ಬರುವುದಿಲ್ಲ, ಮೊದಲು ಐದು ಗಿಡಗಳ ಕೆಲಸ ಮುಗಿಸು ಎಂದರು. ಪ್ರೋಟೀನಿಗೆ ಅಂಟಿದ ಮಾತ್ರಕ್ಕೆ ರೋಗ ವಾಸಿಯಾಗುತ್ತದೆ ಎಂದಲ್ಲ, ಅಂಟದಿದ್ದರೆ ಔಷಧ ಸುಳ್ಳು ಎಂದೂ ಅಲ್ಲ ಎಂದು ಹತ್ತು ಸಲ ಹೇಳಿದರು. ನಾನು ತಲೆಯಾಡಿಸಿದೆ. ಅವರು ಊರಲ್ಲಿಲ್ಲದ ವಾರ ಸೀಸೆ ಬಿಚ್ಚಿ ಅತ್ತಿಯ ಬೇರನ್ನೇ ಮೊದಲು ಪರೀಕ್ಷೆಗೆ ಹಿಡಿದೆ.

ಸಣ್ಣ ಸಣ್ಣ ಗುಳಿಗಳಿರುವ ತಟ್ಟೆಯಲ್ಲಿ ಪ್ರೋಟೀನ್ ಅಂಟಿಸಿ ಮೇಲೆ ಬೇರಿನ ರಸ ಹಾಕಬೇಕು. ರಸದಲ್ಲಿ ಏನಾದರೂ ಇದ್ದು ಅದು ಪ್ರೋಟೀನಿಗೆ ಅಂಟಿದರೆ, ಕೊನೆಗೆ ಬರುವ ಹಳದಿ ಬಣ್ಣ ತಿಳಿಯಾಗುತ್ತದೆ. ತಿಳಿಯಾಗಲಿಲ್ಲ. ಎಲ್ಲ ಗುಳಿಗಳೂ ದಟ್ಟ ಹಳದಿ, ಅವ್ವನ ಕಣ್ಣಿನ ಹಾಗೆ. ನನ್ನ ಕೈ ತಪ್ಪಿರಬೇಕೆಂದು ಎರಡನೆಯ ಸಲ ಮಾಡಿದೆ. ಮೂರನೆಯ ಸಲವೂ ಮಾಡಿದೆ. ಸೀಸೆ ಖಾಲಿಯಾಯಿತು. ಐದು ಗಿಡಗಳಿಗೆಂದು ತರಿಸಿದ್ದನ್ನು ಒಂದು ಬೇರಿಗೆ ಸುರಿದಿದ್ದೆ. ಸರ್ ಬಂದು ಏನೆನ್ನುತ್ತಾರೆ ಎಂಬ ಹೆದರಿಕೆಯೂ ಇರಲಿಲ್ಲ. ಸಿಟ್ಟು ನೆತ್ತಿಗೇರಿತ್ತು.

ರವಿವಾರ ಮೊದಲ ಬಸ್ಸಿಗೆ ಹೊರಟೆ. ಬೆಳ್ಳಟ್ಟಿಯಲ್ಲಿ ಅತ್ತಿಯ ಕಟ್ಟೆಯ ಮೇಲೆ ಏಳೆಂಟು ಜನ ಕೂತಿದ್ದರು. ಎದ್ದು ದವಾಖಾನೆಗೆ ಹೋಗಿ, ರಕ್ತ ತೋರಿಸಿ ಎಂದು ನಿಂತಲ್ಲೇ ಹೇಳಿದೆ. ಒಬ್ಬರೂ ಏಳಲಿಲ್ಲ. ಯಾರೋ ಹುಚ್ಚಿ ಎಂಬಂತೆ ಜಾಗ ಬಿಟ್ಟುಕೊಟ್ಟರು. ಒಳಗೆ ಅತ್ತಿ ಕಲ್ಲಿನ ಮುಂದೆ ಕೂತು ಅರೆಯುತ್ತಿದ್ದಳು.

"ಅತ್ತಿ, ನಿನ್ನ ಬೇರಿನಾಗ ಏನೂ ಇಲ್ಲ. ಮೂರು ಸಲ ನೋಡೀನಿ. ನಮ್ಮವ್ವಗ ಕಸಾ ಕುಡಿಸಿ ಕೊಂದಿ ನೀ."

ಅವಳ ಕೈ ನಿಂತಿತು. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗಿನಿಂದ ಹಣೆ ಒರೆಸಿಕೊಂಡಳು.

"ನಿನಗ ಕೊಟ್ಟಿದ್ದು ಆ ಬೇರು ಅಲ್ಲ, ಯವ್ವಾ," ಎಂದಳು. "ರೋಗ ಇದ್ದಾವ್ರಿಗೆ ಒಂದು, ನೋಡಾಕ ಬಂದಾವ್ರಿಗೆ ಒಂದು. ನಮ್ಮತ್ತಿ ಕಾಲದಿಂದ ಹಂಗ ಐತಿ."

ಮೈಯೆಲ್ಲ ಉರಿಯಿತು. ಯಾಕೆಂದರೆ ಇದು ನನಗೆ ಗೊತ್ತಿದ್ದ ಮಾತು. ನಾನು ಸಣ್ಣವಳಿದ್ದಾಗ ನಾಟಿ ವೈದ್ಯನೊಬ್ಬ ಮೋಟಾರ್ ಸೈಕಲ್ಲಿನಲ್ಲಿ ಬಂದು, ಬರೆದುಕೊಳ್ಳಲು ವಹಿ ಬಿಚ್ಚಿ, ಬೇರು ಕೇಳಿದ್ದ. ಅತ್ತಿ ಹಿತ್ತಲ ಬೇಲಿಯಿಂದ ಯಾವುದೋ ಬೇರು ಕಿತ್ತುಕೊಟ್ಟಳು. ಅವನು ಕೈಮುಗಿದು ಹೋದ ಮೇಲೆ ನಾವು ಹುಡುಗರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನೇ. ಈಗ ಅದೇ ಬೇಲಿಯ ಬೇರಿಗೆ ನಾಲ್ಕು ತಿಂಗಳ ಸೀಸೆ ಸುರಿದು ಕೂತಿದ್ದೆ. ಮನೆಮಗಳಂತೆ, ಥೂ.

ಹೊರಗೆ ಯಾರೋ ಕೆಮ್ಮಿದರು. ಅತ್ತಿ ಮಜ್ಜಿಗೆಯ ಪಾತ್ರೆ ಹತ್ತಿರ ಎಳೆದುಕೊಂಡಳು. ಆಗ ನನಗೆ ಹೊಳೆಯಿತು.

"ನಮ್ಮವ್ವಗ ಯಾವ್ದು ಕೊಟ್ಟಿದ್ದಿ?"

ಅವಳು ಕಲ್ಲಿಗೆ ಅಂಟಿದ ಬೇರನ್ನು ಬೆರಳಿನಿಂದ ಬಳಿದಳು.

"ಅಸಲೇ ಕೊಟ್ಟಿದ್ನವಾ. ಮೂರೂ ವಾರ ಅಸಲೇ ಕೊಟ್ಟೆ."

ಸೀಸೆ ಖಾಲಿ ಮಾಡಿ ನಾನು ಹುಡುಕಿದ್ದು ಅವಳ ಬಾಯಲ್ಲಿತ್ತು. ಅಸಲು ಕುಡಿದೂ ಅವ್ವ ಹೋದಳು ಎಂಬುದು ಅವಳಿಗೆ ಅಂದಿನಿಂದಲೂ ಗೊತ್ತು. ನಾನು ಇಷ್ಟು ವರ್ಷ ಬಾಯಿಬಿಟ್ಟು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಗೊತ್ತಿದ್ದೂ ಪ್ರತಿ ರವಿವಾರ ಅರೆದಿದ್ದಳು. ಈಗಲೂ ಅವಳ ಕೈ ಮತ್ತೆ ಕಲ್ಲಿನ ಕಡೆಗೆ ಹೋಯಿತು. ನಾನು ಆ ಕೈ ಹಿಡಿದುಕೊಂಡೆ. ಬಿಡು, ಮಂದಿ ಹಸಿದು ಕೂತಾರ ಎಂದಳು. ನಾನು ಬಿಡಲಿಲ್ಲ.