ಏರಿಯ ಮೇಲೆ ಬಿಟ್ಟ ಬೂಟು

ಮೊಮ್ಮಗ ಶಾಲೆಯ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ. ಆ ವಾಸನೆ ಅಡುಗೆಮನೆಗೆ ಬಂದದ್ದೇ ತಡ, ನಾನು ಹಗರೆಯ ಕೆರೆ ಏರಿಯ ಮೇಲಿದ್ದೆ... ಮಂಜು, ಒದ್ದೆ ಮಣ್ಣು, ಹುಣಿಸೆ ಮರದ ಬುಡದಲ್ಲಿ ಒಂದು ಜೊತೆ ಕರಿ ಬೂಟು.

ಆ ಬೆಳಿಗ್ಗೆ ಅಲ್ಲಿದ್ದವರು ನಾವು ಮೂವರೇ. ಹಾರನಹಳ್ಳಿಯಿಂದ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬದ ನಾನು, ನೀರಿಗೆ ಬಂದಿದ್ದ ನಮ್ಮತ್ತೆ, ಮತ್ತು ಎದುರುಮನೆಯ ಸುಬೇದಾರರು.

ಸುಬೇದಾರರು ಮಹಾಯುದ್ಧ ಕಂಡವರು. ಪಲ್ಟನ್ ಬಿಟ್ಟು, ಬಾಣಾವರದಲ್ಲಿ ರೈಲಿಳಿದು ಊರಿಗೆ ಬಂದ ಮೇಲೆ ಜನರೇ ಒತ್ತಾಯ ಮಾಡಿ ಪಂಚಾಯ್ತಿ ಛೇರ್ಮನ್ ಮಾಡಿದ್ದರು. ದಿನವೂ ಜಗಲಿಯಲ್ಲಿ ಕೂತು ಬೂಟು ತಿಕ್ಕುವಾಗ, ಮಗುವಿಗೆ ಎಣ್ಣೆ ಹಚ್ಚುವವರ ಹಾಗೆ ಕಾಣುತ್ತಿದ್ದರು.

ಆ ಮಳೆಗಾಲ ಏರಿ ಜಿನುಗತೊಡಗಿತ್ತು. ಒಡೆದರೆ ಕೆಳಗಿನ ಗದ್ದೆಗಳೆಲ್ಲ ಕೊಚ್ಚಿಹೋಗುತ್ತಿದ್ದವು, ನಮ್ಮದೂ, ಅವರದೂ. ಸುಬೇದಾರರು ಡಂಗುರ ಹೊಡೆಸಿದರು. ಮನೆಗೊಬ್ಬರು ಮಣ್ಣು ಹೊರುವ ಮಂಕರಿ ಹಿಡಿದು ಬೆಳಗಾಗುವುದರೊಳಗೆ ಏರಿಗೆ ಬರತಕ್ಕದ್ದು, ಬಾರದವರಿಗೆ ದಂಡ. ನಮ್ಮಲ್ಲಿ ಡಂಗುರವೆಂದರೆ ಕಂದಾಯಕ್ಕೆ, ಹರಾಜಿಗೆ. ಕೆರೆ ಕೆಲಸಕ್ಕೆ ಹಿರಿಯರು ಮನೆಮನೆಗೆ ಹೋಗಿ, ಕಾಲಲ್ಲಿದ್ದ ಮೆಟ್ಟು ಬಿಟ್ಟು, ಹೊಸಿಲ ಮುಂದೆ ನಿಂತು ಮದುವೆಗೆ ಕರೆದ ಹಾಗೆ ಕರೆಯಬೇಕು. ಅರ್ಧ ಆಯುಷ್ಯ ಪಲ್ಟನ್ನಿನಲ್ಲಿ ಕಳೆದವರಿಗೆ ಅದು ಮರೆತೇಹೋಗಿತ್ತು. ಊರಿಗೂ ಬಿಗುಮಾನ. ಒಂದು ನರಪಿಳ್ಳೆಯೂ ಬರಲಿಲ್ಲ.

ಸುಬೇದಾರರು ನೆಟ್ಟಗೆ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದರು. ಅತ್ತೆ ಕೊಡ ಕೆಳಗಿಟ್ಟರು.

"ಏನ್ ಸುಬೇದಾರಣ್ಣ, ನಿನ್ ಸಿಪಾಯ್ಗಳು ಇನ್ನೂ ಎದ್ದಿಲ್ವಾ?"

"ಏರಿ ಒಡುದ್ರೆ ಅವ್ರಿಗೇ ತಾನೇ ನಷ್ಟ, ಅಕ್ಕ? ಅಷ್ಟೂ ತಿಳೀಬ್ಯಾಡ್ವಾ?"

"ತಿಳ್ದೈತೆ. ಕರ್ದಿದ್ರೆ ಬರೋರು. ನೀನು ದಂಡ ಅಂದೆ. ನಾವೇನ್ ನಿನ್ ಸಂಬಳದೋರಾ?"

ಮಂಜಿನೊಳಗೆ ನೀರು ಜಿನುಗುವ ಸದ್ದು... ಸುಬೇದಾರರು ಹುಣಿಸೆ ಮರದಡಿ ಕೂತು, ಲೇಸು ಬಿಚ್ಚಿ, ಬೂಟುಗಳನ್ನು ಜೋಡಿಸಿಟ್ಟು ಎದ್ದರು.

"ನಮ್ಮನೆಗೂ ಬಂದು ಕರಿ. ಇಲ್ಲೇ ಕಂಡೆ ಅಂತ ಬುಟ್ಬುಡ್ಬ್ಯಾಡ," ಎಂದರು ಅತ್ತೆ. ಸುಬೇದಾರರು ನಕ್ಕುಬಿಟ್ಟರು.

ಬೂಟಿನೊಳಗೇ ಬೆಳ್ಳಗಾಗಿದ್ದ ಆ ಪಾದಗಳು ಕಲ್ಲು ತಪ್ಪಿಸುತ್ತ, ಆಗ ತಾನೇ ನಡೆಯಲು ಕಲಿತ ಮಗುವಿನ ಹಾಗೆ, ಮಂಜಿನೊಳಗೆ ಹೋದವು. ನಾವು ಮನೆ ಮುಟ್ಟಿದ ಸ್ವಲ್ಪ ಹೊತ್ತಿಗೆ ನಮ್ಮ ಹೊಸಿಲ ಮುಂದೆಯೂ ಬಂದು ಕೈಮುಗಿದರು. ಹೊತ್ತೇರುವಷ್ಟರಲ್ಲಿ ಊರೆಲ್ಲ ಏರಿಯ ಮೇಲಿತ್ತು. ಅವರೂ ಮಣ್ಣು ಹೊತ್ತರು. ಎಲ್ಲರ ಮುದ್ದೆ ಮುಗಿದ ಮೇಲೆ ತಳದಲ್ಲಿ ಉಳಿದದ್ದನ್ನು ಉಂಡರು. ಪಲ್ಟನ್ನಿನ ಆ ಒಂದು ಅಭ್ಯಾಸ ಮಾತ್ರ ಊರಿಗೂ ಒಗ್ಗಿತು. ಏರಿ ನಿಂತಿತು.

ಎಷ್ಟೋ ದಿನದ ಮೇಲೆ ಜಗಲಿಯಲ್ಲಿ ನನಗಂದರು, "ಪಲ್ಟನ್ನಾಗೆ ನಾನು ಹಿಂದುಕ್ಕೆ ತಿರುಗಿ ನೋಡ್ತಿರ್ನಿಲ್ಲ ಕಣಮ್ಮ, ಬಂದೇ ಬರೋರು. ಇಲ್ಲಿ ಬಾಗ್ಲಿಗ್ ಹೋಗ್ಬೇಕು."

ಈಗ ಆ ಜಗಲಿಯೂ ಇಲ್ಲ, ಅತ್ತೆಯೂ ಇಲ್ಲ. ಮೊಮ್ಮಗ ಬೂಟು ಮೆಟ್ಟಿಕೊಂಡು ಹೊರಟುಹೋದ. ವಾಸನೆ ಮಾತ್ರ ಉಳಿದಿದೆ...

ಅತ್ತೆ ಇನ್ನೂ ಇದ್ದಾಗ, ಸುಬೇದಾರರು ತೀರಿಕೊಂಡ ವರ್ಷವೇ ಏರಿ ಮತ್ತೆ ಜಿನುಗಿತು. ಹೊಸ ಛೇರ್ಮನ್ನರು ಊರಲ್ಲಿರಲಿಲ್ಲ. ಕರೆಯುವವರಿಲ್ಲದೆ ಜನ ಬಾಗಿಲುಗಳಲ್ಲಿ ನಿಂತಿದ್ದರು. ಅತ್ತೆ ಚಪ್ಪಲಿ ಬಿಟ್ಟು ಬೀದಿ ದಾಟಿ, ಎದುರುಮನೆಯ ಹೊಸಿಲ ಮುಂದೆ ನಿಂತು, ಸುಬೇದಾರರ ಹೆಂಡತಿಯನ್ನು ಮೊದಲು ಕರೆದರು. ಆಕೆ ಮಂಕರಿ ಹಿಡಿದು ಈಚೆ ಬಂದರು.