ಇಬ್ಬರೇ ಆಡುತ್ತಿದ್ದ ಮಾತು

ಚಾಚಾನ ಬಲಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಹುಡುಗನಿದ್ದಾಗ ಮಗ್ಗಕ್ಕೆ ಸಿಕ್ಕು ಮುರಿದದ್ದು, ಕೂಡುವಾಗ ನೆಟ್ಟಗೆ ಕೂಡಿಬಿಟ್ಟಿತ್ತು. ಮುಷ್ಟಿ ಕಟ್ಟಿದರೂ ಅದೊಂದು ಹೊರಗೇ ಉಳಿಯುತ್ತಿತ್ತು. ಚಹಾದ ಬಸಿ ಎತ್ತಿದರೆ ಯಾವುದೋ ದೊಡ್ಡ ಸಾಹೇಬರ ಗತ್ತು ಬರುತ್ತಿತ್ತು. ಓಣಿಯ ಹುಡುಗ ಹುಡುಗಿಯರೆಲ್ಲ ಅದನ್ನು ನೋಡಿ ಕಿಸಕ್ಕನೆ ನಗುತ್ತಿದ್ದೆವು. ನಮ್ಮ ನಗು ಅವರಿಗೆ ಕೇಳುತ್ತಿರಲಿಲ್ಲ, ಆದರೆ ಕಾಣುತ್ತಿತ್ತು. ಕಂಡು ಅವರೂ ನಗುತ್ತಿದ್ದರು.

ಹುಟ್ಟು ಕಿವುಡು, ಹಾಗಾಗಿ ಬಾಯಿಮಾತೂ ಇಲ್ಲ. ಗಜೇಂದ್ರಗಡದಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಅವರ ಮನೆಯೊಳಗೆ ಉರ್ದು, ಹೊರಗೆ ಓಣಿಯಲ್ಲಿ ಕನ್ನಡ, ಚಾಚಾಗೆ ಎರಡೂ ಇಲ್ಲ. ಸಾಲಿಯ ಕಟ್ಟೆ ಹತ್ತಿದವರಲ್ಲ, ಓದು ಬರಹವೂ ಇಲ್ಲ. ಬೆಳಗಾದರೆ ಕುಣಿಯೊಳಗೆ ಕಾಲು ಇಳಿಬಿಟ್ಟು ಮಗ್ಗಕ್ಕೆ ಕೂತರೆ ಹೊತ್ತು ಇಳಿಯುವವರೆಗೂ ಏಳುತ್ತಿರಲಿಲ್ಲ. ಆ ಲಾಳಿಯ ಸದ್ದು ಇಡೀ ಓಣಿಗೆ ಕೇಳುತ್ತಿತ್ತು, ಅವರೊಬ್ಬರನ್ನು ಬಿಟ್ಟು. ಊರೆಲ್ಲ ಅವರನ್ನು ಮೂಕ ಚಾಚಾ ಅನ್ನುತ್ತಿತ್ತು. ಆ ಹೆಸರು ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಅವರಂಥ ಮಾತುಗಾರರನ್ನು ನಾನು ಮತ್ತೆ ಕಂಡಿಲ್ಲ. ಆದರೆ ಅದು ನನಗೆ ಗೊತ್ತಾದದ್ದು ತಡವಾಗಿ.

ಅವರಿಗೊಬ್ಬಳು ತಂಗಿ. ಆಕೆಯೂ ಹುಟ್ಟು ಕಿವುಡಿ. ಒಂದೇ ಮನೆಯಲ್ಲಿ ಬೆಳೆದ ಈ ಎರಡು ಮಕ್ಕಳು ಯಾರೂ ಕಲಿಸದೆ ತಾವೇ ಕೈಯ ಮಾತೊಂದನ್ನು ಕಟ್ಟಿಕೊಂಡಿದ್ದರು. ಗಡ್ಡ ಸವರಿದರೆ ಅಪ್ಪ. ಬೆನ್ನಿಗೆ ಮಗು ಕಟ್ಟಿಕೊಂಡಂತೆ ಮಾಡಿದರೆ ಅಣ್ಣ, ಯಾಕಂದರೆ ಅವಳನ್ನು ಹೊತ್ತು ತಿರುಗಿದವರು ಇವರೇ. ಎರಡು ಜಡೆ ಎಳೆದಂತೆ ಮಾಡಿದರೆ ಪಕ್ಕದ ಮನೆಯ ನಾನು. ಅವರ ತಾಯಿಗೆ ಆ ಮಾತು ಅಷ್ಟಿಷ್ಟು ತಿಳಿಯುತ್ತಿತ್ತಂತೆ. ತಾಯಿ ಸತ್ತ ಮೇಲೆ ಅದನ್ನು ಆಡುವವರು ಭೂಮಿಯ ಮೇಲೆ ಇಬ್ಬರೇ ಉಳಿದರು. ಆ ಇಬ್ಬರಲ್ಲಿ ಒಬ್ಬಳನ್ನು ಸೊಲ್ಲಾಪುರಕ್ಕೆ ಮದುವೆ ಮಾಡಿ ಕಳಿಸಿದರು.

ಮೊದಮೊದಲು ಈದ್‌ಗೆ ಬರುತ್ತಿದ್ದಳು. ಆಮೇಲೆ ಅವಳ ಗಂಡ ತೀರಿಕೊಂಡ. ಮಕ್ಕಳಿಲ್ಲ, ಮೈದುನನ ಮನೆಯಲ್ಲಿ ಉಳಿದಳು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದ ಮೇಲೆ ಬಸ್ಸು ಹತ್ತುವುದೇ ಆಗದು. ಇತ್ತ ಚಾಚಾಗೆ ದಮ್ಮು. ನೂಲಿನ ಧೂಳು ಎದೆಯಲ್ಲಿ ಕೂತಿದೆ, ದೂರದ ಪ್ರಯಾಣ ಬೇಡವೇ ಬೇಡ ಎಂದು ರೋಣದ ಡಾಕ್ಟರು ಹೇಳಿಬಿಟ್ಟಿದ್ದರು. ನಮಗಾದರೆ ನೆನಪಾದಾಗ ಫೋನಿದೆ, ಕಾಗದವಿದೆ. ಇವರಿಗೆ ಎದುರು ಬದುರು ಕೂತರೆ ಮಾತು, ಇಲ್ಲದಿದ್ದರೆ ಇಲ್ಲ. ವರ್ಷಗಳೇ ಹೋದವು, ಅಣ್ಣ ತಂಗಿ ಒಂದು ಮಾತೂ ಆಡಿರಲಿಲ್ಲ.

ಒಂದು ದಿನ ಚಾಚಾನ ಹೆಂಡತಿ, ನಮ್ಮ ಚಾಚಿ, ನಮ್ಮ ಅಂಗಳಕ್ಕೆ ಬಂದರು.

"ಬೇಟಿ, ನಿನ್ನ ಕಂಪ್ಯೂಟರಿನ್ಯಾಗ ದೂರದೂರಿನವ್ರ ಮಾರಿ ಕಾಣತೈತಂತ. ಖರೇ ಏನ?"

"ಖರೇರಿ ಚಾಚಿ. ಕೈ, ಮಾರಿ ಎಲ್ಲಾ ಕಾಣತೈತಿ."

"ಹಂಗಾರ ಇವ್ರಿಗೆ ತಂಗೀನ್ನ ತೋರಸವ್ವ. ಈಗೀಗ ಒಬ್ಬರ ಕುಂತು ಗ್ವಾಡಿ ಕೂಡ ಕೈ ಮಾಡ್ತಾರ. ನನಗ ನೋಡಾಕ ಆಗವಲ್ದು."

ಎರಡು ಸಾವಿರದ ಏಳರ ಸುಮಾರು ಅದು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಖೋಲಿ ಹಿಡಿದು ನಾನು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದೆ. ಕಲಿಯಲು ಬರುವವರ ಫ್ಲಾಪಿಗಳಿಂದ ದಿನಕ್ಕೊಂದು ವೈರಸ್ಸು ಬಂದು ಜೀವ ಹಿಂಡುತ್ತಿತ್ತು. ರೋಸಿಹೋಗಿ ಎಲ್ಲ ಯಂತ್ರಗಳಿಂದಲೂ ವಿಂಡೋಸ್ ಕಿತ್ತು ಲಿನಕ್ಸ್ ಹಾಕಿಬಿಟ್ಟಿದ್ದೆ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಪುಕ್ಕಟೆ ಹಂಚಬಹುದು ಎಂದು ಊರೆಲ್ಲ ಜಂಭ ಕೊಚ್ಚಿಕೊಂಡು ತಿರುಗುತ್ತಿದ್ದೆ. ಆ ಜಂಭದಲ್ಲೇ "ನಾಳೇನ ಕರಕೊಂಡ ಬರ್ರಿ" ಅಂದೆ.

ಹುಬ್ಬಳ್ಳಿಯಿಂದ ನಿಂಬೆಹಣ್ಣಿನಷ್ಟು ದುಂಡನೆಯ ಕ್ಯಾಮರಾ ತರಿಸಿದೆ. ವಾಯರನ್ನು ಯುಎಸ್‌ಬಿ ತೂತಿಗೆ ಚುಚ್ಚಿದರೆ ಜಪ್ಪಯ್ಯ ಅನ್ನಲಿಲ್ಲ. ಜೊತೆಗೆ ಬಂದ ಸಿಡಿ ವಿಂಡೋಸ್‌ಗೆ ಮಾತ್ರ. ಕ್ಯಾಮರಾ ಮತ್ತು ಕಂಪ್ಯೂಟರಿಗೆ ಪರಿಚಯ ಮಾಡಿಸಲು ನಡುವೆ ಡ್ರೈವರ್ ಎಂಬ ಪುಟ್ಟ ತಂತ್ರಾಂಶ ಬೇಕು. ಹುಡುಕಿದಾಗ ಯಾವುದೋ ದೇಶದ ಯಾರೋ ಪುಣ್ಯಾತ್ಮ ಇಂಥ ಕ್ಯಾಮರಾಗಳಿಗೆಂದೇ ಅದನ್ನು ಬರೆದು, ಬೇಕಾದವರು ಒಯ್ಯಿರಿ ಎಂದು ಇಟ್ಟಿದ್ದು ಸಿಕ್ಕಿತು. ಆದರೆ ಸಿದ್ಧ ಅಡುಗೆಯಲ್ಲ, ಬರೀ ಹಿಟ್ಟು ಬೇಳೆ. ನನ್ನ ಯಂತ್ರದಲ್ಲೇ ಅದನ್ನು ಕಟ್ಟಿಕೊಳ್ಳಬೇಕು. ಕಟ್ಟಬೇಕೆಂದರೆ ಲಿನಕ್ಸಿನ ಒಡಲಿನ ಮೂಲಬರಹವೇ ಬೇಕು, ಅದೂ ನನ್ನಲ್ಲಿದ್ದ ಆವೃತ್ತಿಗೆ ಚಾಚೂ ತಪ್ಪದೆ ಹೊಂದಬೇಕು. ಇಳಿಸಿಕೊಳ್ಳಲು ಹೋದರೆ ಅರ್ಧಕ್ಕೆ ಕರೆಂಟು ಹೋಗುತ್ತಿತ್ತು. ಪೂರ್ತಿ ಇಳಿದರೆ ಆವೃತ್ತಿ ಬೇರೆಯದಾಗಿರುತ್ತಿತ್ತು. ಆಜ್ಞೆ ಕೊಟ್ಟು ಎಂಟರ್ ಒತ್ತಿದೊಡನೆ ಪರದೆಯ ತುಂಬ ತಪ್ಪುಗಳ ಸಾಲು ಸರಸರ ಇಳಿಯುತ್ತಿತ್ತು.

ಚಾಚಾ ಮಾತ್ರ ದಿನವೂ ಮಧ್ಯಾಹ್ನ ಬರುತ್ತಿದ್ದರು. ಒಗೆದ ಬಿಳಿ ಅಂಗಿ, ಟೋಪಿ, ಕಣ್ಣಿಗೆ ಸುರ್ಮಾ. ಕುರ್ಚಿಯಲ್ಲಿ ಕೂತು ಆ ಸತ್ತ ಕ್ಯಾಮರಾವನ್ನೇ ನೋಡುತ್ತಿದ್ದರು. ನಾನು ತಲೆ ಅಲ್ಲಾಡಿಸಿದರೆ ಕೈಯನ್ನು ಮುಂದಕ್ಕೆ ಉರುಳಿಸಿ 'ನಾಳೆ?' ಅನ್ನುತ್ತಿದ್ದರು. ನಾಳೆ ಅನ್ನಲು ನನಗೆ ನಾಚಿಕೆ. ಒಮ್ಮೆ ಸಿಟ್ಟು ನೆತ್ತಿಗೇರಿ ಕೀಬೋರ್ಡನ್ನು ಕುಟ್ಟಿದೆ. ಅವರು ಓಡುವ ಸಾಲುಗಳನ್ನೂ ನನ್ನ ಮುಖವನ್ನೂ ನೋಡಿ, ಈ ಪೆಟ್ಟಿಗೆ ನಿನಗೆ ಇಷ್ಟು ಹೊತ್ತು ಬೈಯುವುದೇ ಎಂದು ಕೈಯಲ್ಲಿ ಕೇಳಿದರು. ಹೌದು, ಬಾಯಿಗೆ ಬಂದ ಹಾಗೆ ಬೈಯುತ್ತಿದೆ ಎಂದೆ. ಅವರು ಪೆಟ್ಟಿಗೆಗೆ ಬೆರಳು ತೋರಿಸಿ ಗದರಿಸಿದರು. ನಗುತ್ತ ನಗುತ್ತ ಕೆಮ್ಮು ಬಂತು, ಆ ಕೆಮ್ಮು ನಿಲ್ಲಲೇ ಇಲ್ಲ. ಅವತ್ತು ನನಗೆ ಮೊದಲ ಸಲ ಹೆದರಿಕೆಯಾಯಿತು. ಇವರ ಬಳಿ ನಾಳೆಗಳು ಎಷ್ಟು ಉಳಿದಿವೆಯೋ ಅನ್ನಿಸಿತು.

ಕೊನೆಗೊಂದು ದಿನ ಸಾಲುಗಳು ಬೈಯದೆ ಮುಗಿದವು. ಕ್ಯಾಮರಾದ ದೀಪ ಹತ್ತಿತು, ಚಿತ್ರವೂ ಬಂತು. ಆದರೆ ತಲೆಕೆಳಗಾಗಿ! ಬಾವಲಿಯ ಹಾಗೆ ಜೋತುಬಿದ್ದ ಚಾಚಾ, ಕೆಳಗೆ ತಗಡಿನ ಮಾಡು. ಅಯ್ಯೋ ಶಿವನೇ, ಇದಕ್ಕಿನ್ನೆಷ್ಟು ದಿನವೋ ಎಂದು ನಾನು ತಲೆಗೆ ಕೈಹಚ್ಚಿ ಕೂತೆ. ಚಾಚಾ ಎದ್ದು ಕ್ಯಾಮರಾವನ್ನೇ ಬೋರಲು ಮಾಡಿ, ಅಂಗಿಯ ಕಿಸೆಯಿಂದ ನೂಲೆಳೆ ತೆಗೆದು ಪರದೆಯ ನೆತ್ತಿಗೆ ಕಟ್ಟಿದರು. ಚಿತ್ರ ನೆಟ್ಟಗಾಯಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಶುಕ್ರವಾರ, ಜುಮ್ಮಾ ನಮಾಜು ಮುಗಿಸಿ ಬಂದರು. ನಾನು ಫೋನಿನಲ್ಲಿ ಹೇಳಿದಂತೆ ಅಲ್ಲಿ ಸೊಲ್ಲಾಪುರದಲ್ಲಿ ಮೈದುನನ ಮಗ ತಂಗಿಯನ್ನು ಆಟೋದಲ್ಲಿ ಇಂಟರ್ನೆಟ್ ಅಂಗಡಿಗೆ ಕರೆತಂದಿದ್ದ. ಪರದೆಯ ಮೇಲೆ ತಲೆತುಂಬ ಸೆರಗು ಹೊದ್ದ ಮುಖ ಮೂಡಿತು. ಇನ್ನೇನು ಇಬ್ಬರೂ ಅಳುತ್ತಾರೆ ಎಂದು ನಾನೂ ಚಾಚಿಯೂ ಕಣ್ಣೊರೆಸಲು ಸಿದ್ಧರಾಗಿ ನಿಂತೆವು. ಎಲ್ಲಿಯ ಅಳು! ಅವಳು ಜಗಳ ತೆಗೆದಳು. ಗಂಡ ಸತ್ತಾಗ ನೀನೇಕೆ ಬರಲಿಲ್ಲ ಎಂದು ಶುರು ಮಾಡಿದಳಂತೆ, ಅದನ್ನು ಚಾಚಾ ಆಮೇಲೆ ನನಗೆ ತಿಳಿಸಿದರು. ಆದರೆ ಆ ಚಿತ್ರ ಕುಂಟುತ್ತ ಬರುತ್ತಿತ್ತು, ಅವಳ ಬೆರಳ ವೇಗ ಅದಕ್ಕೆ ಸಿಗುತ್ತಿರಲಿಲ್ಲ. ಕೈ ಇದ್ದಲ್ಲಿ ಬರೀ ಮಸುಕು. ಚಾಚಾ ಕೈಯೆತ್ತಿ ತಡೆದರು. ಒಂದು ಮಾತು ಆಡಿ, ಕೈಯನ್ನು ಅಲ್ಲೇ ಗಾಳಿಯಲ್ಲಿ ಹಿಡಿದು ನಿಂತು ತೋರಿಸಿದರು. ಅವಳಿಗೆ ತಿಳಿಯಿತು. ಆಮೇಲೆ ಆ ಜಗಳ ಒಂದೊಂದೇ ಮಾತಾಗಿ, ನಿಂತು ನಿಂತು ಸಾಗಿತು. ಆಗಲೇ ನಾನು ಗಮನಿಸಿದ್ದು: ಅವಳ ಬೆರಳುಗಳೆಲ್ಲ ಸರಿಯಿದ್ದರೂ ಬಲಗೈಯ ಕಿರುಬೆರಳನ್ನು ಮಡಚದೆ ನೆಟ್ಟಗೇ ಇಡುತ್ತಿದ್ದಳು. ಅಣ್ಣನ ಕೈ ನೋಡಿ ಮಾತು ಕಲಿತವಳಿಗೆ ಅದೂ ಮಾತಿನ ಭಾಗವೇ ಆಗಿತ್ತು.

ಚಾಚಿ ಬಾಗಿಲಿಗೆ ಒರಗಿ ನೋಡುತ್ತಿದ್ದರು. ಗಂಡ ಕಣ್ಣರಳಿಸಿ, ಹುಬ್ಬು ಹಾರಿಸಿ, ಯಾರನ್ನೋ ಅಣಕಿಸಿ, ಹಲ್ಲು ಕಚ್ಚಿ ಮಾತಾಡುವುದನ್ನು ಅವರು ಎಂದೂ ನಿಂತು ನೋಡಿರಲಿಲ್ಲ; ತಂಗಿ ಈದ್‌ಗೆ ಬಂದಾಗಲೆಲ್ಲ ಅವರು ಒಲೆಯ ಮುಂದೆಯೇ ಇರುತ್ತಿದ್ದರು.

"ಇಷ್ಟ ಮಾತ ಇದ್ದೂವೇನ ಇವ್ರ ಹೊಟ್ಯಾಗ?" ಅಂದರು. "ನನ್ನ ಕೂಡ ಜಲಮೆಲ್ಲಾ ಉಣ್ಣು, ನೀರ, ಬಾ, ಹೋಗು, ಇಷ್ಟ. ನಾನೂ ಇವ್ರು ಇಷ್ಟ ಅಂತ ತಿಳಕೊಂಡಿದ್ನೆಲ್ಲ ಬೇಟಿ."

ನಾನು ಚಾಚಿಯ ಕೈ ಹಿಡಿದುಕೊಂಡೆ. ಅವತ್ತು ಆ ಖೋಲಿಯಲ್ಲಿ ಅತ್ತವರು ಚಾಚಿ ಒಬ್ಬರೇ.

ಅಲ್ಲಿಂದ ಮುಂದೆ ಶುಕ್ರವಾರಗಳು ಅವರಿಬ್ಬರವು. ಚಾಚಾ ನನಗೂ ಅಷ್ಟಿಷ್ಟು ಕಲಿಸಿದರು. ತಪ್ಪಿದರೆ ಬೆರಳ ಗಂಟಿಗೆ ಪಟ್ಟನೆ ಹೊಡೆಯುತ್ತಿದ್ದರು. ಮಳೆಗಾಲ ಕಳೆಯುವ ಹೊತ್ತಿಗೆ ಅವರು ಇಳಿದುಹೋಗಿದ್ದರು. ಮಗ್ಗ ನಿಂತಿತು. ಕೈಯನ್ನು ಎತ್ತಿ ಹಿಡಿಯುವುದೇ ಕಷ್ಟವಾಗಿ, ಮೇಜಿಗೆ ಮೊಣಕೈ ಊರಿ, ಎಡಗೈಯಿಂದ ಬಲಗೈಯನ್ನು ಆತು ಹಿಡಿದು ಮಾತಾಡುತ್ತಿದ್ದರು. ಕೊನೆಯ ಸಲ ತಂಗಿಗೆ ಏನೋ ಉದ್ದವಾಗಿ ಹೇಳಿದರು. ಏನು ಹೇಳಿದಿರಿ ಎಂದು ಕೇಳಿದೆ. ನಿನಗಲ್ಲ ಎಂದು ಕೈ ಬೀಸಿದರು.

ಅದೇ ವಾರದಲ್ಲಿ ತೀರಿಕೊಂಡರು. ಸೊಲ್ಲಾಪುರಕ್ಕೆ ಫೋನು ಮಾಡಿದ್ದೂ ಆಯಿತು, ಸಂಜೆಯೊಳಗೆ ಮಣ್ಣೂ ಆಯಿತು. ಅವಳು ಬರುವ ಸ್ಥಿತಿಯಲ್ಲಿ ಇರಲಿಲ್ಲ. ಗುರುವಾರ ಮೈದುನನ ಮಗನ ಫೋನು ಬಂತು.

"ಅಕ್ಕಾರ, ನಾವ ಎಷ್ಟ ಕೈ ಮಾಡಿ ತೋರಿಸಿದ್ರೂ ತಿಳೀವಲ್ದರಿ. ಮಲಗ್ಯಾನ ಅಂತ ತಿಳಕೊಂಡಾಳೋ ಏನೋ. ನಾಳೆ ಜುಮ್ಮಾ, ಅಣ್ಣನ್ನ ನೋಡಬೇಕು ಅಂತ ಸೀರಿ ತೆಗೆದಿಟ್ಟಾಳ."

ತಿಳಿಯಲಿಲ್ಲವೋ, ತಿಳಿದೂ ಒಪ್ಪಲಿಲ್ಲವೋ, ಯಾರಿಗೆ ಗೊತ್ತು. ಚಾಚಿಯ ಹತ್ತಿರ ಓಡಿದೆ. ಗಂಡ ತೀರಿದ ಹೆಂಗಸು ಇದ್ದತ್ ಮುಗಿಯುವವರೆಗೆ ಹೊಸ್ತಿಲು ದಾಟುವಂತಿಲ್ಲ. ಒಳಗಿನಿಂದಲೇ ಹೇಳಿದರು: "ನೀನ ಹೇಳವ್ವ. ನಾಕ ಮಾತರ ನಿನಗ ಬರ್ತಾವು. ನನಗ ಅವೂ ಬರೂದಿಲ್ಲ."

ಶುಕ್ರವಾರ ನಾನೊಬ್ಬಳೇ ಕ್ಯಾಮರಾದ ಮುಂದೆ ಕೂತೆ. ಅವಳು ನನ್ನನ್ನು ಕಂಡು ನಕ್ಕಳು, ಎರಡು ಜಡೆ ಎಳೆದು ತೋರಿಸಿದಳು. ಆಮೇಲೆ ನನ್ನ ಹಿಂದೆ ಮುಂದೆ ಹುಡುಕಿ, ಅಣ್ಣ ಎಲ್ಲಿ ಎಂದಳು. ನಾನು 'ಅಣ್ಣ' ಅಂದೆ. ಮುಂದಿನ ಮಾತು ನನಗೆ ಬರುತ್ತಿರಲಿಲ್ಲ. ಊಟ, ಮಳೆ, ಗುಡ್ಡ, ಸುಳ್ಳು, ಸಿಟ್ಟು ಎಲ್ಲವನ್ನೂ ಕಲಿಸಿದ ಚಾಚಾ ಸಾವನ್ನು ಕಲಿಸಿರಲಿಲ್ಲ. ಎರಡೂ ಕೈ ಎತ್ತಿಕೊಂಡು ಹಾಗೇ ಕೂತುಬಿಟ್ಟೆ.

ಅವಳು ನನ್ನನ್ನೇ ನೋಡಿದಳು. ನಿಧಾನಕ್ಕೆ ಎದೆಯ ಮೇಲೆ ಅಂಗೈ ಇಟ್ಟು, ಅದನ್ನು ಮಗುಚಿ ಕೆಳಗಿಳಿಸಿದಳು. ನಾನು ಅದುವರೆಗೆ ನೋಡಿರದ ಸನ್ನೆ. ನನಗೆ ಕಾಣಲೆಂದು ಕೈಯನ್ನು ಅಲ್ಲೇ ಹಿಡಿದು ಕಾದಳು. ಇದೇನಾ ಎಂದು ಕೇಳುತ್ತಿದ್ದಳು. ನಾನೂ ಎದೆಯ ಮೇಲೆ ಅಂಗೈ ಇಟ್ಟು, ಮಗುಚಿ, ಕೆಳಗಿಳಿಸಿ, ಆ ಚಿತ್ರ ಸೊಲ್ಲಾಪುರ ಮುಟ್ಟುವವರೆಗೆ ಹಿಡಿದುಕೊಂಡೆ.

ಅವಳು ಮಾತಾಡತೊಡಗಿದಳು. ನಿಂತು ನಿಂತು ಅಲ್ಲ, ಎರಡೂ ಕೈಯಿಂದ, ಒಂದೇ ಸಮನೆ. ಬೆರಳುಗಳು ಕಾಣದಷ್ಟು ಜೋರಾಗಿ. ಅಣ್ಣನಿಗೆಂದು ಕೂಡಿಟ್ಟದ್ದನ್ನು ಹೇಳಿದಳೋ, ದೇವರನ್ನು ಬೈದಳೋ, ಒಂದು ಮಾತೂ ನನಗೆ ತಿಳಿಯಲಿಲ್ಲ. ತಿಳಿಯುವವರು ಇನ್ನು ಯಾರೂ ಇಲ್ಲವೆಂದು ಅವಳಿಗೂ ಗೊತ್ತಿತ್ತು. ಲೈನು ಕಡಿಯುವವರೆಗೂ ಅವಳು ಆಡುತ್ತಲೇ ಇದ್ದಳು, ನಾನು ಹೂಂ ಹೂಂ ಎಂದು ತಲೆಯಾಡಿಸುತ್ತಲೇ ಕೂತಿದ್ದೆ.