ಬಿಳಿಯಾಗಿ ಬಿಟ್ಟ ಜಾಗ

ಮೊನ್ನೆ ಕಾರಿನ ಇನ್‌ಸ್ಪೆಕ್ಷನ್‌ಗೆ ಹೋದವನು ಸಾಲಿನಲ್ಲಿ ಕಾರಿನೊಳಗೇ ಕುಳಿತು ರಿಜಿಸ್ಟ್ರೇಷನ್ ಕಾಗದಕ್ಕಾಗಿ ಗ್ಲೋವ್ ಬಾಕ್ಸ್ ತಡಕಾಡುತ್ತಿದ್ದೆ. ನ್ಯಾಪ್‌ಕಿನ್‌ಗಳು, ಒಂಟಿ ಕೈಗವಸು, ಯಾವುದೋ ಮದುವೆಯ ಪಾರ್ಕಿಂಗ್ ಚೀಟಿ ಎಲ್ಲ ಹೊರಬಂದ ಮೇಲೆ ನಾಲ್ಕು ಮಡಿಕೆಯ ಕಾಗದವೊಂದು ತೊಡೆಯ ಮೇಲೆ ಬಿತ್ತು. ಅದರಲ್ಲೊಂದು ಚಿತ್ರ: ಮೇಲೊಂದು ಬೆಟ್ಟ, ಕೆಳಗೊಂದು ದೋಣಿ, ನಡುವೆ ಏನೂ ಇಲ್ಲ. ಎರಡು ವರ್ಷದ ಹಿಂದೆ ನಾನೂ ನಳಿನಿಯೂ ನೋಡಿಬಂದ ಮ್ಯೂಸಿಯಮ್ಮಿನ ಕರಪತ್ರ. ಹಿಂದಿನ ಕಾರಿನವನು ಹಾರ್ನ್ ಹೊಡೆಯುವವರೆಗೂ ಅದನ್ನೇ ನೋಡುತ್ತ ಕುಳಿತಿದ್ದೆ.

ನಳಿನಿ ನನ್ನ ಹೆಂಡತಿ. ಮೈಸೂರಿನವಳು, ಪರದೇಶದ ಈ ಹಿಲ್ಸ್‌ಬರೋದಲ್ಲಿ ಇಪ್ಪತ್ತೆಂಟು ವರ್ಷದಿಂದ ನನ್ನನ್ನು ಸಹಿಸಿಕೊಂಡು ಬಂದವಳು. ಲೈಬ್ರರಿಯಲ್ಲಿ ಶನಿವಾರದ ಚೀನೀ ಮಸಿಚಿತ್ರದ ಕ್ಲಾಸು ಶುರುವಾದಾಗ ಹೋಗಿ ಸೇರಿಕೊಂಡಳು. ಮಸಿಯ ಕಡ್ಡಿಯನ್ನು ಕಲ್ಲಿನ ಮೇಲೆ ನೀರು ಹಾಕಿ ಗಂಧ ತೇಯ್ದ ಹಾಗೆ ತೇಯುತ್ತಿದ್ದಳು. ಊಟದ ಮೇಜು ಊಟಕ್ಕೆ ಸಿಗುತ್ತಿರಲಿಲ್ಲ. "ಇವತ್ತು ಮಸಿಯ ಸಾರೋ, ಬೇಳೆ ಸಾರೋ?" ಎಂದು ನಾನು ಕೀಟಲೆ ಮಾಡುತ್ತಿದ್ದೆ. ಅಷ್ಟು ಹಚ್ಚಿಕೊಂಡವಳು ಒಂದು ದಿನ ಎಲ್ಲವನ್ನೂ ಬಿಟ್ಟುಬಿಟ್ಟಳು. ಕಾರಣ ನಾನೇ.

ನನ್ನದೊಂದು ಕೆಟ್ಟ ಚಾಳಿ. ಫೋನಿನಲ್ಲಿ ಯಾರಾದರೂ ಏನಾದರೂ ಹೇಳಿದರೆ ಕೈಗೆ ಸಿಕ್ಕ ಕಾಗದದ ಮೇಲೆ ಗೀಚಿಬಿಡುತ್ತೇನೆ. ನಮ್ಮ ಮನೆಗೆ ಬಂದ ಲಗ್ನಪತ್ರಿಕೆಗಳಲ್ಲಿ ವಧೂವರರ ಪಕ್ಕದಲ್ಲೇ ಡೆಂಟಿಸ್ಟ್ ಅಪಾಯಿಂಟ್‌ಮೆಂಟ್ ಇರುತ್ತದೆ. ನನ್ನ ಪರವಾಗಿಯೂ ಒಂದು ಮಾತು ಕೇಳಿ: ನಾನು ಸೇತುವೆಗಳ ಎಂಜಿನಿಯರ್. ನಮ್ಮ ನಕ್ಷೆಗಳಲ್ಲಿ ಖಾಲಿ ಜಾಗ ಇರುವುದೇ ಷರಾ ಬರೆಯುವುದಕ್ಕೆ. ಆ ದಿನ ವಾಟರ್ ಹೀಟರ್ ಕೈಕೊಟ್ಟಿತ್ತು. ಪ್ಲಂಬರ್ ತನ್ನ ಸೆಲ್ ನಂಬರ್ ಹೇಳಿದ. ಮೇಜಿನ ಮೇಲೆ ನಳಿನಿಯ ಕಾಗದವಿತ್ತು, ಮುಕ್ಕಾಲು ಪಾಲು ಖಾಲಿಯೇ ಇತ್ತು. ಬಾಲ್‌ಪೆನ್ನಿನಲ್ಲಿ ಬರೆದೆ, ಮರೆಯಬಾರದೆಂದು ಕೆಳಗೆ ಎರಡು ಗೆರೆಯನ್ನೂ ಎಳೆದೆ.

"ಇದರ ಮೇಲೆ ಬರೆದ್ರಾ?" ಎಂದಳು ನಳಿನಿ.

"ಖಾಲಿ ಇತ್ತಲ್ಲ. ಚಿತ್ರಕ್ಕೇನೂ ಆಗಿಲ್ಲ ನೋಡು" ಎಂದೆ.

ಅವಳು ಜಗಳವಾಡಲಿಲ್ಲ. ಕುಂಚಗಳನ್ನು ತೊಳೆದು, ಕಲ್ಲನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಬಟ್ಟೆಬರೆಯ ಕ್ಲಾಸೆಟ್ಟಿಗೆ ಸೇರಿಸಿದಳು. ಸಾರಿ ಹೇಳಿದೆ, ಹೊಸ ಕುಂಚ ತಂದುಕೊಟ್ಟೆ. "ಬಿಡಿ, ಅದೇನು ದೊಡ್ಡ ವಿಷಯ" ಎನ್ನುತ್ತಿದ್ದಳೇ ಹೊರತು ಮತ್ತೆ ಕ್ಲಾಸಿಗೆ ಹೋಗಲಿಲ್ಲ. ಊಟದ ಮೇಜು ನನಗೆ ವಾಪಸ್ಸು ಸಿಕ್ಕಿತು. ಆದರೂ ನಾನು ತಟ್ಟೆ ಹಿಡಿದು ಸೋಫಾದ ಮೇಲೆ ಕೂತೇ ಉಣ್ಣುತ್ತಿದ್ದೆ.

ಹೀಗೇ ಒಂದು ವರ್ಷ ಕಳೆಯಿತು. ಅಷ್ಟರಲ್ಲಿ, ಮಸಿಚಿತ್ರಕಾರನೊಬ್ಬನಿಗೇ ಮೀಸಲಾದ ಮ್ಯೂಸಿಯಂ ನಮ್ಮಿಂದ ಒಂದು ಗಂಟೆಯ ಡ್ರೈವಿನಲ್ಲಿದೆ ಎಂದು ತಿಳಿಯಿತು. ಅದನ್ನು ನೋಡಿಯಾದರೂ ಅವಳು ಮತ್ತೆ ಕುಂಚ ಹಿಡಿಯಲಿ ಎಂದು ಕರೆದುಕೊಂಡು ಹೋದೆ. ಲಂಚ ಎಂದರೂ ಸರಿಯೇ.

ಅದು ಆತ ಬಾಳಿದ ಮನೆ. ಮನೆಯೆಂದ ಮೇಲೆ ಕೇಳಬೇಕೇ, ನಾವಿಬ್ಬರೂ ಯೋಚಿಸದೆ ಬಾಗಿಲಲ್ಲೇ ಬೂಟು ಬಿಚ್ಚಿದೆವು. ಚಿತ್ರಗಳನ್ನು ವಿವರಿಸಲು ಇದ್ದ ವಯಸ್ಸಾದ ಚೀನೀ ಮಹಿಳೆ ನಕ್ಕು, ಬೂಟು ಹಾಕಿಕೊಂಡೇ ಬರಬಹುದು ಎಂದರು. ಅಷ್ಟು ಹೊತ್ತಿಗೆ ನನ್ನ ಕಾಲ್ಚೀಲದ ತೂತು ಪ್ರದರ್ಶನಕ್ಕೆ ಬಂದಾಗಿತ್ತು.

ಮೊದಲ ಕೋಣೆಯಲ್ಲೇ ನನಗೆ ಹೋದ ಜೀವ ಬಂದಂತಾಯಿತು. ಬಿದಿರಿನ ಪಕ್ಕ, ಬಂಡೆಯ ಮೇಲೆ, ಎಲ್ಲೆಂದರಲ್ಲಿ ಬರಹ, ಕೆಂಪು ಮೊಹರು. ಎಲ್ಲವೂ ಚಿತ್ರಕಾರನ ಕೈಬರಹವಲ್ಲ, ಅವನ ಗೆಳೆಯರು ಬರೆದ ಸಾಲುಗಳೂ ಇವೆ, ಹಾಗೆ ಬರೆಯುವುದು ಚಿತ್ರಕ್ಕೆ ಮರ್ಯಾದೆ ಎಂದರು ಆ ಮಹಿಳೆ.

ನಾನು ನಳಿನಿಯ ಕಡೆ ತಿರುಗಿ, "ನೋಡಿದ್ಯಾ? ಇವರೂ ಖಾಲಿ ಜಾಗ ಬಿಟ್ಟಿಲ್ಲ!" ಎಂದೆ.

"ಅವರು ಚಿತ್ರ ನೋಡಿ ಬರೆದಿದಾರೆ ರೀ. ನೀವು ನೋಡ್ದೇ ಬರೆದ್ರಿ."

ಗದರಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಅವಳು ಮೆಲ್ಲಗೆ ಹೇಳಿದಳು, ನಾನು ಮುಂದಿನ ಚಿತ್ರದ ಕಡೆ ನಡೆದೆ.

ಪಕ್ಕದ ಕೋಣೆಯಲ್ಲಿತ್ತು ಈ ಕರಪತ್ರದ ಚಿತ್ರ. ಬೆಟ್ಟಕ್ಕೂ ದೋಣಿಗೂ ನಡುವೆ ಇರುವುದು ಮಂಜು, ಅದರ ಕೆಳಗೆ ನದಿ, ಎರಡೂ ಬರೀ ಕಾಗದ ಎಂದು ಆ ಮಹಿಳೆ ವಿವರಿಸಿದರು. ಎಲ್ಲಿ ಕುಂಚ ಮುಟ್ಟಿಸಬಾರದು ಎಂದು ಕಲಿಯುವುದಕ್ಕೇ ಬಹಳ ವರ್ಷ ಬೇಕಂತೆ. ನಾನು ಆ ಬಿಳಿಯನ್ನು ನೋಡುತ್ತ ನಿಂತೆ.

ವಾಪಸ್ಸು ಬರುವಾಗ ಕಾರಿನಲ್ಲಿ ಕೇಳಿದೆ: "ಅವತ್ತು ನಾನು ಬರೆದ ಜಾಗದಲ್ಲಿ ಏನಿತ್ತು?" ಒಂದು ವರ್ಷದಲ್ಲಿ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಸ್ನೋ" ಎಂದಳು ನಳಿನಿ.

ಮನೆಗೆ ಬಂದು ಕ್ಲಾಸೆಟ್ಟಿನಿಂದ ಆ ಕಾಗದ ತೆಗೆದುಕೊಟ್ಟಳು. ಎಸೆದಿರಲಿಲ್ಲ. ಬಲಗಡೆ ನಮ್ಮ ಮೇಲ್‌ಬಾಕ್ಸ್, ಬೋಳು ಮೇಪಲ್ ಮರ. ಕೆಳಗೆ ಮೂಲೆಯಲ್ಲಿ ಹೆಬ್ಬೆರಳಷ್ಟು ಎತ್ತರದ ಒಬ್ಬ ಮನುಷ್ಯ, ಕೈಯಲ್ಲಿ ಸಲಿಕೆ, ಜಾಕೆಟ್ಟಿನಿಂದ ಮುಂದೆ ಬಂದ ಹೊಟ್ಟೆ. ನಾನು. ಉಳಿದದ್ದೆಲ್ಲ ಹಿಮ, ಅದರ ನಟ್ಟನಡುವೆ ಪ್ಲಂಬರ್ ನಂಬರು.

"ಅಷ್ಟೊಂದು ಸ್ನೋನ ಒಬ್ಬರೇ ತೆಗೀತಿದ್ರಿ. ಪಾಪ ಅನ್ನಿಸ್ತು, ಅದಕ್ಕೇ ಬರೆದೆ" ಎಂದಳು.

ನಮ್ಮ ಭಾಷೆಯಲ್ಲಿ ಚಿತ್ರವನ್ನೂ ಬರೆಯುತ್ತೇವೆ, ಫೋನ್ ನಂಬರನ್ನೂ ಬರೆಯುತ್ತೇವೆ. ಅವಳೂ ಬರೆದಳು, ನಾನೂ ಬರೆದೆ. "ತಪ್ಪಾಯ್ತು" ಎಂದೆ. ಸಾರಿಯನ್ನು ಹಿಂದೆ ಹತ್ತು ಸಲ ಹೇಳಿದ್ದೆ; ಯಾವುದಕ್ಕೆ ಹೇಳುತ್ತಿದ್ದೇನೆ ಎಂದು ಗೊತ್ತಾದದ್ದು ಅವತ್ತು. ಕಣ್ಣು ತುಂಬಿಬಂತು ಎಂದರೆ ನನ್ನ ಆಫೀಸಿನವರು ನಂಬಲಾರರು.

ಆದರೂ ಅವಳು ಕುಂಚ ಮುಟ್ಟಲಿಲ್ಲ. ಒಂದು ಚಳಿಗಾಲ ಕಳೆಯಿತು, ಇನ್ನೊಂದು ಬಂತು. ನಾನು ಒತ್ತಾಯಿಸುವುದನ್ನು ಬಿಟ್ಟೆ. ಮೊನ್ನೆಯೂ ಆ ಕರಪತ್ರವನ್ನು ತಂದು ಅವಳ ಕೈಗಿಟ್ಟೆ, ಅಷ್ಟೆ.

ಇವತ್ತು ಬೆಳಿಗ್ಗೆ ಎದ್ದರೆ ಮೊಣಕಾಲುದ್ದ ಸ್ನೋ. ಡ್ರೈವ್‌ವೇಯ ಅರ್ಧ ತೆಗೆದಿದ್ದೆ. ಮಹಡಿಯ ಕಿಟಕಿಯನ್ನು ಯಾರೋ ಬಡಿದಂತಾಗಿ ತಲೆಯೆತ್ತಿದೆ. ನಳಿನಿ ಕಿಟಕಿ ತೆರೆದು ಬಗ್ಗಿದ್ದಳು. ಕೈಯಲ್ಲಿ ಕುಂಚ.

"ಸಾಕು, ಅಲ್ಲೇ ನಿಲ್ಲಿ! ಆ ಕಡೇದು ತೆಗೀಬೇಡಿ."

"ಕಾರು ಹೊರಗೆ ತೆಗೆಯೋದು ಹೇಗೆ?"

"ನಾಳೆ ಹೋಗಿ ಆಫೀಸಿಗೆ. ಅಲ್ಲಾಡಬೇಡಿ ಅಂದೆನಲ್ಲ."

ಕಿವಿ ಮರಗಟ್ಟುತ್ತಿತ್ತು, ಮೂಗು ಸೋರುತ್ತಿತ್ತು. ಜೇಬಿನಲ್ಲಿ ಫೋನು ರಿಂಗಾಯಿತು. ಯಾರದೋ ಏನೋ, ನಾನು ಎತ್ತಲಿಲ್ಲ.